ಮೂವತ್ತೇಳನೇ ಪದ

ದಯವಿಟ್ಟು ಇದನ್ನು ಪೂರ್ತಿ ಕೇಳಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ. ನಡುವೆ ಮಾತ್ರ ಬಾಯಿ ಹಾಕಬೇಡಿ. ಒಂದು ಸಲ ನಿಲ್ಲಿಸಿದರೆ ನನಗೇ ನಾಚಿಕೆಯಾಗಿ ಅರ್ಧಕ್ಕೆ ಎದ್ದು ಹೋಗಿಬಿಡುತ್ತೇನೆ.

ನಮ್ಮ ಯುವಕೇಂದ್ರ ಅಂದರೆ ಒಂದು ಹಳೇ ಗೋದಾಮು. ಒಳಗೆ ಎರಡು ಕೇರಂ ಬೋರ್ಡು, ಒಂದು ಟೇಬಲ್ ಟೆನಿಸ್ ಮೇಜು. ಅದಕ್ಕೆ ನೆಟ್ ಇಲ್ಲ, ಯಾರೂ ಓದದ ದಪ್ಪ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದ್ದೇವೆ. ಹೊರಗೆ ಕಲ್ಲುಮಣ್ಣಿನ ಅಂಗಳದಲ್ಲಿ ಫುಟ್‌ಬಾಲ್. ಸಂಜೆ ನಾಲ್ಕೂವರೆಗೆ ಬಾಗಿಲು ತೆಗೆದರೆ ನಲವತ್ತು ಮಕ್ಕಳು ನುಗ್ಗುತ್ತವೆ. ನಾನು ಅಲ್ಲಿಯ ಕಾರ್ಯಕರ್ತೆ, ಮಕ್ಕಳಿಗೆ ಅಕ್ಕ. ಜಗಳ ಬಿಡಿಸುವುದು, ಮಂಡಿಗೆ ಮುಲಾಮು ಹಚ್ಚುವುದು, ಚೆಂಡಿಗೆ ಗಾಳಿ ಹೊಡೆಯುವುದು, ಇಷ್ಟೇ ಕೆಲಸ.

ಆ ನಲವತ್ತರಲ್ಲಿ ಒಬ್ಬಳು ಬೀಗ. ಹದಿನಾಲ್ಕು ವರ್ಷ, ಗೋಲ್‌ಕೀಪರ್. ಅವಳು ನಿಂತರೆ ಗೋಲಿಗೆ ಬೀಗ ಹಾಕಿದ ಹಾಗೆ ಅಂತ ಹುಡುಗರೇ ಇಟ್ಟ ಹೆಸರು. ಅವಳ ಮನೆ ಊರಾಚೆ, ಇಟ್ಟಿಗೆ ಗೂಡುಗಳ ಹತ್ತಿರ. ಅಲ್ಲಿಂದ ನಮ್ಮ ಕೇಂದ್ರಕ್ಕೆ ಬಂದ ಮೊದಲ ಹುಡುಗಿ ಅವಳೇ. ಮೊದಲ ದಿನ ಬಾಗಿಲಲ್ಲಿ ನಿಂತು, "ಒಳಗ್ ಬರ್ಬೋದಾ, ಇಲ್ಲೇ ನೋಡ್ಕೊಂಡ್ ಹೋಗ್ಲಾ?" ಅಂತ ಕೇಳಿದ್ದಳು. ಒಳಗೆ ಕರೆದುಕೊಳ್ಳಲು ನನಗೆ ಯಾವ ತರಬೇತಿಯೂ ಬೇಕಾಗಿರಲಿಲ್ಲ. "ಬಾರೇ, ನಿಂತ್ಕೊಂಡು ನೋಡೋಕೆ ಇದೇನು ಸಿನಿಮಾನಾ?" ಅಂದೆ, ಬಂದಳು. ಎರಡು ವರ್ಷ ಬಂದಳು.

ಆಮೇಲೆ ತರಬೇತಿ ಬಂತು.

"ದ್ವೇಷದ ಮಾತು ಮತ್ತು ತಾರತಮ್ಯವನ್ನು ತಡೆಯಲು ಯುವ ಕಾರ್ಯಕರ್ತರಿಗೆ ಐದು ದಿನಗಳ ಕಾರ್ಯಾಗಾರ." ಪತ್ರ ಬಂದ ದಿನ ನಾನು ಕುಣಿದುಬಿಟ್ಟೆ. ಹೊಸ ನೋಟ್‌ಬುಕ್ ಕೊಂಡೆ, ನಾಲ್ಕು ಬಣ್ಣದ ಪೆನ್ನು ಕೊಂಡೆ. ಜಗತ್ತನ್ನು ಸರಿ ಮಾಡುವುದಕ್ಕೆ ನಾಲ್ಕು ಬಣ್ಣ ಸಾಕಾಗುತ್ತದೋ ಇಲ್ಲವೋ ಅಂತ ಐದನೆಯದನ್ನೂ ಎತ್ತಿಕೊಂಡೆ.

ತರಬೇತಿ ಕೊಡುವವರನ್ನು ನಾವು ಮಾರ್ಕರ್ ಮೇಷ್ಟ್ರು ಅಂತ ಕರೆಯುತ್ತಿದ್ದೆವು. ಕಿವಿಯ ಹಿಂದೆ ಸದಾ ಒಂದು ಕೆಂಪು ಮಾರ್ಕರ್. ಎಲ್ಲರನ್ನೂ "ಗೆಳೆಯರೇ" ಅನ್ನುವರು, ಚಹಾ ತರುವವರನ್ನು ಬಿಟ್ಟು. ಮೇಜು ಅಂದರೆ ಅಧಿಕಾರದ ಗೋಡೆಯಂತೆ, ಹಾಗಾಗಿ ಬರೀ ಕುರ್ಚಿಗಳನ್ನು ದುಂಡಗೆ ಹಾಕಿಸಿದರು. ಐದು ದಿನ ಇಪ್ಪತ್ತೆರಡು ಜನ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೋಳಿಕಾಲಿನ ಅಕ್ಷರದಲ್ಲಿ ಸಮಾನತೆ ಬರೆದೆವು.

ಅಲ್ಲಿ ಮಳೆ ಚಪ್ಪಾಳೆ ಅಂತ ಒಂದಿತ್ತು. ಯಾರೇ ಏನೇ ಹೇಳಲಿ, ಮುಗಿದ ಕೂಡಲೇ ಎಲ್ಲರೂ ಅಂಗೈ ಮೇಲೆ ಒಂದು ಬೆರಳಿನಿಂದ ತಟ್ಟಬೇಕು. ಆಮೇಲೆ ಎರಡು ಬೆರಳು, ಮೂರು, ನಾಲ್ಕು, ಐದು. ಹನಿ ಶುರುವಾಗಿ ಜಡಿಮಳೆ ಆದ ಹಾಗೆ ಕೇಳುತ್ತದೆ. ಮೊದಲ ದಿನ ಒಬ್ಬಳು ತನ್ನ ತಂದೆ ತೀರಿಕೊಂಡಿದ್ದನ್ನು ಹೇಳಿದಳು, ಮಳೆ ಚಪ್ಪಾಳೆ. ಇನ್ನೊಬ್ಬ "ಶೌಚಾಲಯ ಎಲ್ಲಿದೆ?" ಅಂತ ಕೇಳಿದ, ಅದಕ್ಕೂ ಮಳೆ ಚಪ್ಪಾಳೆ. ಪಾಪ, ಅವನು ಐದನೇ ಬೆರಳಿನ ತನಕ ಕಾಲಿಗೆ ಕಾಲು ಒತ್ತಿಕೊಂಡು ನಿಂತಿದ್ದ.

ಎರಡನೇ ದಿನ ಪದಗಳ ಪಟ್ಟಿ. ಮೇಷ್ಟ್ರು ಒಂದು ಫಾರಂ ತಂದಿದ್ದರು, ಅದರಲ್ಲಿ ನಲವತ್ತು ಗೆರೆ.

"ಗೆಳೆಯರೇ, ಶತ್ರುವನ್ನ ಗೊತ್ತುಮಾಡ್ಕೊಳ್ದೆ ಯುದ್ಧ ಮಾಡೋಕಾಗಲ್ಲ. ನಿಮ್ಮ ಕಡೆ ಜನ ಜನರನ್ನ ಹೀನಾಯವಾಗಿ ಏನೇನಂತ ಕರೀತಾರೆ, ಎಲ್ಲಾ ಹೇಳಿ."

ಹೇಳಿದೆವು. ಹದಿನೆಂಟಕ್ಕೆ ನಮ್ಮ ಬುಟ್ಟಿ ಬರಿದಾಯಿತು.

"ಬರೀ ಹದಿನೆಂಟಾ?" ಮೇಷ್ಟ್ರ ಮುಖ ಬಾಡಿತು. "ಇನ್ನೂ ಇಪ್ಪತ್ತೆರಡು ಗೆರೆ ಖಾಲಿ ಇದ್ಯಲ್ಲ."

ಪಕ್ಕದ ಕೇಂದ್ರದ ಕನ್ನಡಕದವನು ನನ್ನ ಕಿವಿಯಲ್ಲಿ, "ನಮ್ಮ ಜನ ಒಳ್ಳೆಯೋರಾಗಿದ್ದು ತಪ್ಪಾಯ್ತು ನೋಡಿ, ಫಾರಂ ತುಂಬ್ತಾ ಇಲ್ಲ," ಅಂದ. ನಾನು ನಗಲಿಲ್ಲ. ನನಗೆ ನಿಜವಾಗಿ ಅವಮಾನವಾಗಿತ್ತು. ನಮ್ಮ ಬ್ಯಾಚಿನಲ್ಲಿ ಇಷ್ಟು ಕಡಿಮೆ ದ್ವೇಷವೇ?

"ಮನೇಲಿ ಹಿರಿಯರನ್ನ ಕೇಳ್ಕೊಂಡು ಬನ್ನಿ. ಹಳೇ ಬೇರು ಅಲ್ಲೇ ಇರೋದು," ಅಂದರು ಮೇಷ್ಟ್ರು.

ಸಂಜೆ ಅಜ್ಜಿ ಬಟಾಣಿ ಸುಲಿಯುತ್ತಾ ಕೂತಿದ್ದರು. ನಾನು ನೋಟ್‌ಬುಕ್ ಬಿಚ್ಚಿ ಎದುರು ಕೂತೆ.

"ಅಜ್ಜಿ, ನಿಮ್ ಕಾಲದಲ್ಲಿ ಜನರನ್ನ ಕೀಳಾಗಿ ಏನಂತ ಬೈತಿದ್ರಿ?"

"ಯಾಕೆ, ಯಾರ್ ಮೇಲೆ ಜಗಳಕ್ಕೆ ಹೊರಟಿದ್ದೀಯಾ?"

"ಜಗಳ ಅಲ್ಲಜ್ಜಿ, ತರಬೇತಿ."

"ಬೈಯೋಕೂ ತರಬೇತಿನಾ! ನಮಗೆಲ್ಲಾ ಹುಟ್ತಾನೇ ಬರ್ತಿತ್ತಪ್ಪ."

"ಬೈಯೋಕಲ್ಲ, ಬೈಯ್ದೇ ಇರೋಕೆ."

"ಅದಕ್ಕೆ ಬಾಯ್ ಮುಚ್ಕೊಂಡ್ರೆ ಆಯ್ತು, ಐದು ದಿನ ಯಾಕೆ?"

ಕಾಡಿದೆ, ಬೇಡಿದೆ. ಅಜ್ಜಿ ಐದಾರು ಪದ ಕೊಟ್ಟರು, ಎಲ್ಲ ಸಪ್ಪೆ. ಆಮೇಲೆ ಸಿಪ್ಪೆಯನ್ನು ಮಡಿಲಿನಿಂದ ಕೊಡವುತ್ತಾ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. ಇಟ್ಟಿಗೆ ಗೂಡಿನ ಕಡೆಯವರನ್ನು ಆಗ "ಬೂದಿಕಾಲು" ಅನ್ನುತ್ತಿದ್ದರಂತೆ. ಅವರು ಕಾಲಿಟ್ಟರೆ ನೆಲ ಕೆಡುತ್ತದೆ ಅಂತ ಅಂಗಡಿ ಬಾಗಿಲಲ್ಲಿ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ನಿಲ್ಲಿಸಿಯೇ ಸಾಮಾನು ಕೊಡುತ್ತಿದ್ದರಂತೆ. ಕೇಳಿ ನನಗೆ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ಆ ಜುಮ್ಮಿನಲ್ಲಿ ಅರ್ಧ ಖುಷಿ.

"ಅದನ್ನ ಬರ್ಕೋಬೇಡ್ವೇ," ಅಂದರು ಅಜ್ಜಿ. "ಅದು ಸತ್ತಿದೆ, ಸಾಯ್ಲಿ ಬಿಡು."

ನಾನು ಅಷ್ಟರಲ್ಲಿ ಬರೆದುಕೊಂಡಾಗಿತ್ತು. ಕೆಂಪು ಪೆನ್ನಿನಲ್ಲಿ, ಅಡಿಗೆರೆ ಸಮೇತ.

ಮರುದಿನ ನನ್ನ ಪದ ಮೂವತ್ತೇಳನೆಯದಾಗಿ ಪಟ್ಟಿ ಸೇರಿತು. ಫಾರಂನಲ್ಲಿ ನಾಲ್ಕು ಕಾಲಂ: ಪದ, ಯಾರಿಗೆ ಅನ್ನುತ್ತಾರೆ, ಬಳಸುವ ಬಗೆ, ನೋವಿನ ಪ್ರಮಾಣ. ನೋವಿಗೆ ಚುಕ್ಕೆಗಳು, ಒಂದರಿಂದ ಐದರವರೆಗೆ, ನಾವೆಲ್ಲ ಕೈ ಎತ್ತಿ ಮತ ಹಾಕುವುದು. ಯಾರ ನೋವನ್ನು ಅಳೆಯುತ್ತಿದ್ದೆವೋ ಅವರಲ್ಲಿ ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ. ನನ್ನ ಪದಕ್ಕೆ ಐದು ಚುಕ್ಕೆ ಬಿತ್ತು. ಇಡೀ ಪಟ್ಟಿಯಲ್ಲಿ ಐದು ಸಿಕ್ಕಿದ್ದು ಎರಡಕ್ಕೇ. ಮೇಷ್ಟ್ರು ನನ್ನ ಅಂಗಿಗೆ "ಶೋಧಕಿ" ಅಂತ ಒಂದು ಸ್ಟಿಕರ್ ಅಂಟಿಸಿದರು. ಒಂದು ಬೆರಳು, ಎರಡು ಬೆರಳು, ಜಡಿಮಳೆ. ಆ ಸ್ಟಿಕರ್ ಹಾಕಿಕೊಂಡೇ ಬಸ್ಸಿನಲ್ಲಿ ಮನೆಗೆ ಬಂದೆ.

ಹದಿನೈದು ದಿನಕ್ಕೆ ಚಾರ್ಟ್ ಬಂತು. ಮೂರಡಿ ಅಗಲ, ನಾಲ್ಕಡಿ ಎತ್ತರ, ಮಿರಮಿರ ಮಿಂಚುವ ಲ್ಯಾಮಿನೇಷನ್. ಮೇಲೆ ದಪ್ಪಕ್ಷರದಲ್ಲಿ "ಈ ಪದಗಳನ್ನು ಬಳಸಬೇಡಿ". ಕೆಳಗೆ ನಲವತ್ತೂ ಪದ, ಯಾರಿಗೆ, ಹೇಗೆ, ಎಷ್ಟು ಚುಕ್ಕೆ ಎಲ್ಲ ಸಮೇತ. ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಬೇಕು ಅಂತ ಸೂಚನೆ. ನಾನು ಟೇಪು ಹಿಡಿದು ಅಳೆದು, ಕೇರಂ ಬೋರ್ಡಿನ ಪಕ್ಕದ ಗೋಡೆಗೆ ಹೊಡೆದೆ. ಜೊತೆಗೆ ಒಂದು ದೂರಿನ ಡಬ್ಬಿ.

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ನಾವು ಇರುವೆಯನ್ನು ಎಣಿಸಿ, ವಿಂಗಡಿಸಿ, ಲ್ಯಾಮಿನೇಟ್ ಮಾಡಿಸಿ ಬಿಟ್ಟುಕೊಂಡೆವು.

ಅಲ್ಲಿಯ ತನಕ ನಮ್ಮ ಮಕ್ಕಳಿಗೆ ಗೊತ್ತಿದ್ದ ಬೈಗುಳ ಮೂರೋ ನಾಲ್ಕೋ. ಅವನ್ನೇ ತಿರುಗಿಸಿ ಮುರುಗಿಸಿ ಬಳಸುತ್ತಿದ್ದವು, ಪಾಪ. ಈಗ ಸಿಕ್ಕಿತು ನೋಡಿ ಗಣಿ. ಶಾಲೆಯಲ್ಲಿ ಮಗ್ಗಿ ಬಾರದ ಹುಡುಗರು ವಾರದಲ್ಲಿ ನಲವತ್ತನ್ನೂ ಬಾಯಿಪಾಠ ಮಾಡಿದರು. ಆಮೇಲೆ ಆಟ ಶುರುವಾಯಿತು. ಒಂದು ಚುಕ್ಕೆಯ ಪದಕ್ಕೆ ಒಂದು ಪಾಯಿಂಟು, ಐದು ಚುಕ್ಕೆಗೆ ಐದು. ಕೇರಂ ಬೋರ್ಡಿನಲ್ಲಿ ರಾಣಿಯ ಬೆಲೆ ಕುಸಿಯಿತು.

"ಏಯ್, ಏನೋ ಅದು ಬಾಯಲ್ಲಿ?" ಅಂತ ಗದರಿದರೆ, "ಅಕ್ಕಾ, ಬರೀ ಎರಡು ಚುಕ್ಕೆದು ಅಕ್ಕಾ!" ಅಂತ ಉತ್ತರ.

ನಾನು ಏನು ಮಾಡಿದೆ? ತರಬೇತಿಯಲ್ಲಿ ಹೇಳಿಕೊಟ್ಟಂತೆ ಮಾಡಿದೆ. ದುಂಡಗೆ ಕೂರಿಸಿ, "ಆ ಪದ ಕೇಳಿದಾಗ ನಿಮಗೆ ಹೇಗನ್ನಿಸ್ತು?" ಅಂತ ಕೇಳಿದೆ. "ಚೆನ್ನಾಗನ್ನಿಸ್ತು ಅಕ್ಕಾ," ಅಂದ ಒಬ್ಬ, ಪ್ರಾಮಾಣಿಕವಾಗಿ. ಚಾರ್ಟನ್ನು ಕೆಳಗಿಳಿಸಬೇಕು ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಅದರ ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು ಅಚ್ಚಾಗಿತ್ತು.

ಆ ಮಂಗಳವಾರ ಬೀಗ ಎಂದಿನಂತೆ ಕೈಗವಸು ಹಾಕಿಕೊಳ್ಳುತ್ತಾ ಗೋಲಿನ ಕಡೆ ನಡೆದಳು. ಎರಡು ಕಂಬಗಳ ನಡುವೆ ಒಂದು ಗೋಣಿಚೀಲ ಹಾಸಿತ್ತು. ಅಂಚು ಎಳೆದು, ನೀಟಾಗಿ.

"ಇದರ್ ಮೇಲೆ ನಿಂತ್ಕೋ, ಗ್ರೌಂಡ್ ಕೆಡುತ್ತೆ," ಅಂದ ಒಬ್ಬ.

"ಬೂದಿಕಾಲು! ಐದು ಪಾಯಿಂಟ್!" ಅಂತ ಇನ್ನೊಬ್ಬ ಕಿರುಚಿದ. ಹೋ ಅಂತ ನಗು.

ಆ ಹುಡುಗರು ಕೆಟ್ಟವರಲ್ಲ. ಹಿಂದಿನ ವಾರ ತಾನೇ ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದವರು. ಗೋಣಿಚೀಲದ ಉಪಾಯ ಅವರದೂ ಅಲ್ಲ, ಅದು ಮೂರನೇ ಕಾಲಂನಲ್ಲಿತ್ತು. "ಬಳಸುವ ಬಗೆ." ನನ್ನ ವಾಕ್ಯ, ನನ್ನ ಅಲ್ಪವಿರಾಮ.

ಅಂಗಳ ಬಿಟ್ಟು ಕೇರಂ ಕಡೆ ಸುಳಿಯದ ಬೀಗಳಿಗೆ ಆ ಪದ ಗೊತ್ತೇ ಇರಲಿಲ್ಲ. ಅವಳು ಒಳಗೆ ಬಂದು ಚಾರ್ಟಿನ ಮುಂದೆ ನಿಂತು, ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದಳು. ಮೂವತ್ತೇಳಕ್ಕೆ ಬೆರಳು ನಿಂತಿತು. ಕೈಗವಸು ಬಿಚ್ಚಿ ಮೇಜಿನ ಮೇಲೆ, ಆ ಪುಸ್ತಕಗಳ ಸಾಲಿನ ಪಕ್ಕ ಇಟ್ಟಳು. ನಾನು ಚೆಂಡಿಗೆ ಗಾಳಿ ಹೊಡೆಯುತ್ತಿದ್ದೆ. ನನ್ನ ಕಡೆ ನೋಡಲೂ ಇಲ್ಲ, ಹೋದಳು. ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ, ಮುಂದಿನ ವಾರವೂ ಇಲ್ಲ.

ನಾನು ಮೇಷ್ಟ್ರ ಕಚೇರಿಗೆ ಓಡಿದೆ. ದೂರಿನ ಡಬ್ಬಿಯನ್ನೂ ಎತ್ತಿಕೊಂಡು ಹೋಗಿದ್ದೆ. ಮೊದಲು ಅದರಲ್ಲಿ ಇದ್ದದ್ದು ಒಂದೇ ಚೀಟಿ, "ಫ್ಯಾನ್ ತಿರುಗುತ್ತಿಲ್ಲ" ಅಂತ. ಈಗ ಹತ್ತೊಂಬತ್ತು.

ಮೇಷ್ಟ್ರು ಚೀಟಿಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖ ಹೂವಿನಂತೆ ಅರಳಿತು.

"ಹತ್ತೊಂಬತ್ತು! ಗೆಳತಿ, ಇದು ಅದ್ಭುತ!"

"ಸಾರ್, ಇದು ದೂರು. ಮಕ್ಕಳು ಚಾರ್ಟ್ ನೋಡ್ಕೊಂಡೇ ಬೈಯ್ತಿದಾರೆ. ಒಬ್ಬಳು ಬರೋದೇ ಬಿಟ್ಟಿದ್ದಾಳೆ."

"ಅಲ್ಲಲ್ಲ, ನೀವು ಹಾಗ್ ನೋಡ್ಬಾರ್ದು. ಮೊದಲೂ ದ್ವೇಷ ಇತ್ತು, ಯಾರೂ ಹೇಳ್ಕೊಳ್ತಿರ್ಲಿಲ್ಲ. ಈಗ ಹೇಳ್ಕೊಳ್ತಿದಾರೆ. ಇದನ್ನೇ ಅರಿವು ಅನ್ನೋದು."

"ಮೊದಲು ಇರ್ಲೇ ಇಲ್ಲ ಸಾರ್. ಆ ಪದ ಸತ್ತೋಗಿತ್ತು. ನಾನೇ ತಂದಿದ್ದು."

"ನೋಡಿ, ಎಷ್ಟು ಆಳಕ್ಕೆ ಹೋಗಿದ್ದೀರಿ ನೀವು!" ಅಂದರು ಮೇಷ್ಟ್ರು, ಕಿವಿಯ ಮಾರ್ಕರ್ ತೆಗೆದು ಏನೋ ಬರೆದುಕೊಳ್ಳುತ್ತಾ. "ಎರಡನೇ ಹಂತ ಬೇಕೇ ಬೇಕು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ? ಹನ್ನೆರಡು ಕೇಂದ್ರಕ್ಕೆ ಚಾರ್ಟ್ ರೆಡಿ ಇದೆ. ತರಬೇತಿ ಕೊಡೋರು ನೀವೇ. ಮೊದಲ ಹಂತದ ಸಮಾರೋಪದಲ್ಲಿ ಘೋಷಣೆ ಮಾಡ್ತೀನಿ. ಆ ಹುಡುಗೀನೂ ಕರ್ಕೊಂಡ್ ಬನ್ನಿ, ಸ್ಟೇಜ್ ಮೇಲೆ ಎರಡು ಮಾತಾಡ್ಲಿ. ಜೀವಂತ ಉದಾಹರಣೆ!"

ಬೆಂಕಿ ಹಚ್ಚಿದವನೇ ಹೊಗೆ ಎಣಿಸಿ ಬಹುಮಾನ ಕೇಳಿದ ಹಾಗಿತ್ತು. ಆ ಬಹುಮಾನದಲ್ಲಿ ನನಗೂ ಪಾಲು.

ಬೀಗಳ ಮನೆಗೆ ಹೋದೆ. ಒಂದೇ ಕೋಣೆ, ಗಾರೆ ನೆಲ, ಕಾಲಿಡಲು ಹೆದರುವಷ್ಟು ಸ್ವಚ್ಛ. ಅವಳ ಅಜ್ಜಿ ಕಿಟಕಿಯ ಹತ್ತಿರ ಹೊಲಿಗೆ ಯಂತ್ರ ತುಳಿಯುತ್ತಾ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಒಳಗ್ ಬಾ ತಾಯಿ. ನಮ್ಮಲ್ಲಿ ಗೋಣಿಚೀಲ ಹಾಸಲ್ಲ," ಅಂದರು.

ಬೀಗ ಮೂಲೆಯಲ್ಲಿ ಮಂಡಿಗೆ ಮುಖವಿಟ್ಟು ಕೂತಿದ್ದಳು. ನಾನು ಸಮಾಧಾನದ ಮಾತು ಹುಡುಕಿದೆ. ಬಾಯಿಗೆ ಬಂದದ್ದೆಲ್ಲ ಕಾರ್ಯಾಗಾರದ್ದೇ, ಒಂದೂ ನಾಲಿಗೆ ದಾಟಲಿಲ್ಲ.

"ಆ ಪದ ಯಾರು ಬರೆಸಿದ್ದು ಅಕ್ಕಾ?" ಅಂದಳು ಬೀಗ, ತಲೆ ಎತ್ತದೆ. "ನಮ್ಮಪ್ಪಂಗೇ ಅದು ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿಗೊಬ್ಬರಿಗೇ ಗೊತ್ತಿದ್ದಿದ್ದು. ನಾನ್ ಬಂದು ಕೇಳಿದ್ಮೇಲೆ ಎರಡು ದಿನ ಊಟ ಮಾಡ್ಲಿಲ್ಲ ಅವರು."

"ನಾನು," ಅಂದೆ. "ನಮ್ಮಜ್ಜಿ ಹತ್ರ ಕೇಳಿ ನಾನೇ ಬರೆಸಿದೆ."

ಹೊಲಿಗೆ ಯಂತ್ರ ನಿಂತಿತು.

"ನನ್ನ ಮಗನಿಗೆ ನಾನು ಆ ಪದ ಹೇಳ್ಲಿಲ್ಲ," ಅಂದರು ಅಜ್ಜಿ, ದನಿ ಏರಿಸದೆ. "ನನ್ನ ಜೊತೆಯೋರು ಯಾರೂ ಅವರವರ ಮಕ್ಕಳಿಗೆ ಹೇಳ್ಲಿಲ್ಲ. ಹೇಳ್ದೇ ಹೇಳ್ದೇ ಸಾಯಿಸಿದ್ವಿ. ಅದಕ್ಕೆ ಒಂದು ಜೀವಮಾನ ಹಿಡೀತು. ನೀನು ಐದು ದಿನದಲ್ಲಿ ಅಗೆದು ತೆಗೆದೆಯಲ್ಲಮ್ಮ. ಪ್ಲಾಸ್ಟಿಕ್ ಬೇರೆ ಹಾಕ್ಸಿದ್ದೀಯಂತೆ, ನೀರು ಬಿದ್ರೂ ಕೆಡಬಾರ್ದು ಅಂತ."

ನಾನು ನೆಲ ನೋಡಿದೆ. "ವಾಪಸ್ ಬಾರೇ," ಅಂತ ಬೀಗಳಿಗೆ ಹೇಳಿದೆ. ಅದೊಂದು ಮಾತು ಮಾತ್ರ ನನ್ನದಾಗಿತ್ತು.

ಅವಳು ಮಂಡಿಯಿಂದ ಮುಖ ಎತ್ತಿ ಅಜ್ಜಿಯ ಕಡೆ ನೋಡಿದಳು. ಆಮೇಲೆ, "ಎಲ್ಲರ ಮುಂದೆ ಹೇಳಿ. ಆ ಪದ ನಿಮ್ಮನೆಯಿಂದ ಬಂದಿದ್ದು, ಹುಡುಗ್ರ ತಪ್ಪಲ್ಲ ಅಂತ. ನಾನು ಸ್ಟೇಜ್ ಮೇಲೆಲ್ಲಾ ಬರಲ್ಲ. ಹಿಂದೆ ಕೂತು ಕೇಳಿಸ್ಕೊಳ್ತೀನಿ. ಆಮೇಲೆ ನೋಡ್ತೀನಿ," ಅಂದಳು.

ಸಮಾರೋಪದ ದಿನ ಬಂದಳು. ಕೊನೆಯ ಸಾಲು, ಬಾಗಿಲ ಪಕ್ಕದ ಕುರ್ಚಿ. ಮೇಷ್ಟ್ರು ನನ್ನನ್ನು ಹೊಗಳಿ ಹೊಗಳಿ ಮೈಕ್ ಕೊಟ್ಟರು. ಎಲ್ಲವನ್ನೂ ಹೇಳಿದೆ. ಅಜ್ಜಿ ಬೇಡ ಅಂದದ್ದು, ನಾನು ಕೆಂಪು ಪೆನ್ನಿನಲ್ಲಿ ಬರೆದದ್ದು, ಐದು ಚುಕ್ಕೆಗೆ ಖುಷಿಪಟ್ಟದ್ದು, ಗೋಣಿಚೀಲ. "ಹುಡುಗರಿಗೆ ಅದನ್ನು ಕಲಿಸಿದ್ದು ನಾನು. ನಾವು. ಈ ಚಾರ್ಟು," ಅಂದೆ. ಅಷ್ಟಕ್ಕೆ ನಿಲ್ಲಿಸಿದೆ.

ಸಭೆ ಸ್ತಬ್ಧ. ಆಗ ನನಗೆ ಅನ್ನಿಸಿತು, ನನ್ನ ಮಾತು ಇವರಿಗೆ ನಾಟಿತು, ಈಗ ಯಾರಾದರೂ ಎದ್ದು ಏನಾದರೂ ಕೇಳುತ್ತಾರೆ ಅಂತ.

ಟಪ್ ಟಪ್ ಟಪ್. ಒಂದು ಬೆರಳು.

ಮೇಷ್ಟ್ರೇ ಶುರು ಮಾಡಿದ್ದು, ಕಣ್ಣಲ್ಲಿ ನೀರು ತುಂಬಿಕೊಂಡು. ಎರಡು ಬೆರಳು. ಮೂರು. ನಾನು "ಬೇಡ, ನಿಲ್ಸಿ" ಅಂದೆ, ಅದು ಕೇಳಿಸದಷ್ಟು ಮಳೆ ಜೋರಾಗಿತ್ತು. ಐದನೇ ಬೆರಳಿಗೆ ಇಡೀ ಸಭಾಂಗಣ ಜಡಿಮಳೆ. "ಇದೇ ಗೆಳೆಯರೇ! ಆತ್ಮವಿಮರ್ಶೆ ಅಂದ್ರೆ ಇದೇ!" ಅಂತ ಮೇಷ್ಟ್ರು ಕೂಗಿ, ನನ್ನ ಕೈಗೆ ಪ್ರಮಾಣಪತ್ರ ತುರುಕಿ, ಹನ್ನೆರಡು ಚಾರ್ಟುಗಳ ಸುರುಳಿಯನ್ನು ಹೆಗಲಿಗೆ ಒರಗಿಸಿಬಿಟ್ಟರು. ಫೋಟೋ ತೆಗೆದರು. ಫೋಟೋದಲ್ಲಿ ನಾನು ತೋಪು ಹೊತ್ತ ಸಿಪಾಯಿಯ ಹಾಗೆ ಕಾಣುತ್ತೇನೆ.

ಕೊನೆಯ ಸಾಲಿನ ಕುರ್ಚಿ ಖಾಲಿ.

ಸುರುಳಿ ಹೊತ್ತುಕೊಂಡೇ ಓಡಿದೆ. ಸೈಕಲ್ ಸ್ಟ್ಯಾಂಡಿನಲ್ಲಿ ಸಿಕ್ಕಳು.

"ಚಪ್ಪಾಳೆ ಹೊಡೆಸ್ಕೊಂಡ್ರಲ್ಲ ಅಕ್ಕಾ," ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ನನಗೆ ಸಂಕಟವಾದದ್ದೇ ಅದಕ್ಕೆ.

"ನಾನ್ ಹೊಡೆಸ್ಕೊಳ್ಳಿಲ್ಲ ಕಣೇ, ಅವರೇ..." ಮುಂದೆ ಬರಲಿಲ್ಲ. "ಗೋಡೆ ಮೇಲಿನದನ್ನ ಇವತ್ತೇ ಕಿತ್ತು ಹಾಕ್ತೀನಿ."

"ಹೆಗಲ ಮೇಲಿರೋದು?"

ನಾನು ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

"ಸೇತುವೆ ಆಚೆ ಕೇಂದ್ರದಲ್ಲಿ ನಮ್ಮತ್ತೆ ಮಕ್ಕಳು ಆಡ್ತಾರೆ. ಸಣ್ಣೋನಿಗೆ ಎಂಟು ವರ್ಷ. ಅವನಿಗೂ ಗೊತ್ತಿಲ್ಲ ಇನ್ನೂ." ಸೈಕಲ್ ಹತ್ತಿದಳು. "ಅಲ್ಲಿ ಹಾಕ್ಲಿಲ್ಲ ಅಂದ್ರೆ ಬರ್ತೀನಿ. ಹಾಕಿದ್ರೆ ನನ್ನ ಗ್ಲೌಸ್ ಬೇರೆ ಯಾರಿಗಾದ್ರೂ ಕೊಟ್ಬಿಡಿ."

ನಮ್ಮ ಗೋಡೆಯ ಚಾರ್ಟನ್ನು ಅಂದೇ ಕಿತ್ತೆ. ಮರುದಿನ ಹದಿಮೂರನ್ನೂ ಕಟ್ಟಿಕೊಂಡು ಇಟ್ಟಿಗೆ ಗೂಡಿಗೆ ಹೋದೆ, ಅಲ್ಲಿಯ ಬೆಂಕಿಗೆ ಹಾಕಿಬಿಡೋಣ ಅಂತ. ದಾರಿಯುದ್ದಕ್ಕೂ ನನಗೆ ನಾನೇ ಒಂದು ಕಥೆಯ ನಾಯಕಿಯ ಹಾಗೆ ಅನ್ನಿಸುತ್ತಿತ್ತು. ಬೀಗಳ ಅಜ್ಜಿ ದಾರಿಯಲ್ಲೇ ಎದುರಾಗಿ ಸುರುಳಿಯನ್ನು ನೋಡಿದರು.

"ನಮ್ ಗೂಡಲ್ಲಿ ಇಟ್ಟಿಗೆ ಸುಡ್ತೀವಮ್ಮ, ನಿಮ್ ಕಸ ಅಲ್ಲ. ಮನೆಯಿಂದ ತಂದಿದ್ದನ್ನ ಮನೇಲೇ ಇಟ್ಕೋ."

ತಂದು ಮಂಚದ ಕೆಳಗೆ ಇಟ್ಟೆ. ನನ್ನ ಅಜ್ಜಿ ಬಗ್ಗಿ ನೋಡಿ, ಬಟಾಣಿ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದರು.

ಮೇಷ್ಟ್ರಿಗೆ ಫೋನ್ ಮಾಡಿ, ನಾನು ಚಾರ್ಟ್ ಹಾಕುವುದಿಲ್ಲ, ನೀವೂ ಹಾಕಿಸಬೇಡಿ ಅಂದೆ.

"ನಿಮ್ಮ ಭಾವನೆಯನ್ನ ಗೌರವಿಸ್ತೀನಿ ಗೆಳತಿ," ಅಂದರು. ಆ ಕಡೆಯಿಂದ ಅಂಗೈ ತಟ್ಟಿದ ಸದ್ದು ಕೇಳಿಸಿತೋ, ನನ್ನ ಭ್ರಮೆಯೋ. "ಚಾರ್ಟ್ ಕಳೆದ್ರೆ ಚಿಂತೆ ಇಲ್ಲ, ಫೈಲ್ ಕಂಪ್ಯೂಟರಲ್ಲಿದೆ, ಒಂದು ಗಂಟೇಲಿ ಹನ್ನೆರಡು ಪ್ರಿಂಟ್ ಬರುತ್ತೆ. ನೀವು ಹೋಗ್ಲಿಲ್ಲ ಅಂದ್ರೆ ಕನ್ನಡಕದೋರು ಒಪ್ಕೊಂಡಿದಾರೆ. ನೀವು ಹೋದ್ರೆ ಒಳ್ಳೇದು, ನಿಮ್ಮ ಅನುಭವಾನೂ ಹೇಳ್ಬೋದು. ಆದ್ರೆ ಚಾರ್ಟ್ ಮಾತ್ರ ಕಡ್ಡಾಯ."

ಬ್ಲೇಡ್ ತೆಗೆದುಕೊಂಡು ಮೂವತ್ತೇಳನೇ ಸಾಲನ್ನು ಮಾತ್ರ ಕತ್ತರಿಸಿ ನೋಡಿದೆ. ಹೊಸ ಹನ್ನೆರಡರಲ್ಲಿ ಒಂದರಿಂದ. ಆ ತೂತಿನ ಕಡೆ ನೋಡಿದರೆ ನನಗೇ ಕುತೂಹಲ ಹುಟ್ಟಿತು, ಏನಿತ್ತಪ್ಪ ಇಲ್ಲಿ ಅಂತ. ಮಕ್ಕಳು ಬಿಡುತ್ತಾರೆಯೇ? ಮತ್ತೆ ಉಳಿದ ಮೂವತ್ತೊಂಬತ್ತು ಪದಗಳೂ ಯಾರದೋ ಅಜ್ಜಿ ಎರಡು ದಿನ ಊಟ ಬಿಡುವ ಪದಗಳೇ ಅಲ್ಲವೇ? ಅವು ನನ್ನ ಮನೆಯಿಂದ ಹೋದವಲ್ಲ ಅಂತ ಸುಮ್ಮನಿರಲೇ?

ಸೋಮವಾರ ಮೊದಲ ಕೇಂದ್ರ. ಸೇತುವೆ ಆಚೆಯದ್ದು. ಕೈಗವಸು ಇನ್ನೂ ನಮ್ಮ ಮೇಜಿನ ಮೇಲೆ, ಅವಳು ಇಟ್ಟ ಜಾಗದಲ್ಲೇ ಇದೆ. ನಾನು ಹೋದರೆ ಚಾರ್ಟ್ ನನ್ನ ಕೈಯಿಂದಲೇ ಗೋಡೆಗೇರುತ್ತದೆ. ಹೋಗದಿದ್ದರೆ ಇನ್ನೊಬ್ಬನ ಕೈಯಿಂದ ಏರುತ್ತದೆ, ಅಷ್ಟೇ ಎತ್ತರಕ್ಕೆ, ಎಂಟು ವರ್ಷದವನ ಕಣ್ಣಿಗೆ ಸರಿಯಾಗಿ. ಆ ಬಾಗಿಲಿಗೆ ಅಡ್ಡ ಮಲಗೋಣ ಅಂದರೆ, ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಅದಕ್ಕೂ ಮಳೆ ಚಪ್ಪಾಳೆ ಹೊಡೆಯುವ ಜನ ಇವರು.

ಪೂರ್ತಿ ಕೇಳಿದಿರಲ್ಲ, ಈಗ ಬೈಯಿರಿ. ಆದರೆ ಬೈಯುವ ಮೊದಲು ಒಂದು ಹೇಳಿ: ಸೋಮವಾರ ಬೆಳಿಗ್ಗೆ ಮಂಚದ ಕೆಳಗೆ ಆ ಸುರುಳಿ, ಮೇಜಿನ ಮೇಲೆ ಆ ಕೈಗವಸು, ನಡುವೆ ನೀವು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?